ಪಟ್ಟಿ ಓದುವವನ ಪರೀಕ್ಷೆ

ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದರೆ ಮಕ್ಕಳಿಗೆ ಅಂಜಿಕೆ, ತಾಯಿತಂದೆಯರಿಗೆ ಚಿಂತೆ, ನಮ್ಮಂಥ ಉಪಾಧ್ಯಾಯರಿಗೆ ಕಟ್ಟು ಕಟ್ಟು ಉತ್ತರಪತ್ರಿಕೆಗಳ ನೆನಪು. ಸುಮಾರು ಮೂವತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತ ಬಂದಿರುವ ನನಗೆ ಪರೀಕ್ಷೆಯ ವಿಷಯದಲ್ಲಿ ಹೊಸದಾಗಿ ಕಲಿಯಬೇಕಾದದ್ದು ಇನ್ನೇನೂ ಉಳಿದಿಲ್ಲವೆಂಬ ಒಂದು ಸಣ್ಣ ಹಮ್ಮು ಇತ್ತು. ಕಳೆದ ದೀಪಾವಳಿಯಲ್ಲಿ ಆ ಹಮ್ಮನ್ನು ನನ್ನ ಮಗಳೇ ಇಳಿಸಿದಳು.

ಅವಳು ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಾಳೆ. ಹಬ್ಬಕ್ಕೆಂದು ಊರಿಗೆ ಬಂದವಳು ಎಣ್ಣೆನೀರು ಹಾಕಿಕೊಂಡು, ಹೋಳಿಗೆಯ ಊಟ ಮುಗಿಸಿ, ಪಡಸಾಲೆಯ ಕಂಬಕ್ಕೆ ಒರಗಿ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. "ಹಬ್ಬದ ದಿನವೂ ಕೆಲಸವೇನಮ್ಮ?" ಎಂದೆ. "ಒಂದು ಪರೀಕ್ಷೆ ಉಳಿದಿದೆ ಅಪ್ಪ" ಎಂದಳು. "ಯಾರಿಗೆ ಪರೀಕ್ಷೆ?" "ಪರೀಕ್ಷೆಗಳ ಪಟ್ಟಿಯನ್ನು ಓದುವವನಿಗೆ."

ನಾನು ನಕ್ಕುಬಿಟ್ಟೆ. ಪಟ್ಟಿ ಓದುವವನಿಗೂ ಒಂದು ಪರೀಕ್ಷೆಯೆ? ನಮ್ಮ ಶಾಲೆಯಲ್ಲಿ ಹಾಜರಿ ಕೂಗುವವರಿಗೆ ಯಾರಾದರೂ ಪರೀಕ್ಷೆ ಇಟ್ಟದ್ದುಂಟೆ? ಆದರೆ ಅವಳು ಬಿಡಿಸಿ ಹೇಳುತ್ತ ಹೋದಂತೆ ನನ್ನ ನಗು ಅಡಗಿತು. ಅವಳು ಹೇಳಿದ್ದರಲ್ಲಿ ನನಗೆ ಅರ್ಥವಾದಷ್ಟನ್ನೂ, ಆಮೇಲೆ ನಾನೇ ಓದಿ ತಿಳಿದಷ್ಟನ್ನೂ, ಒಬ್ಬ ಕನ್ನಡ ಪಂಡಿತನ ಕಣ್ಣಿಗೆ ಕಂಡ ರೀತಿಯಲ್ಲಿ ಈ ಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ತಂತ್ರಾಂಶವೆಂದರೆ ಗಣಕಯಂತ್ರಕ್ಕೆ ಬರೆದುಕೊಟ್ಟ ಆಜ್ಞೆಗಳ ಮಾಲೆ. ಆ ಮಾಲೆಯಲ್ಲಿ ಒಂದು ಮಣಿಯನ್ನು ಬದಲಾಯಿಸಿದರೆ ಬೇರೆಲ್ಲೋ ಇನ್ನೊಂದು ಮಣಿ ಕಳಚಿಕೊಳ್ಳುವ ಸಂಭವ ಉಂಟು. ಆದ್ದರಿಂದ ಪ್ರತಿಯೊಂದು ತಿದ್ದುಪಾಟಿನ ಬಳಿಕವೂ ಹಿಂದೆ ಸರಿಯಾಗಿದ್ದದ್ದು ಈಗಲೂ ಸರಿಯಾಗಿದೆಯೆ ಎಂದು ನೋಡಬೇಕಾಗುತ್ತದೆ. ಹಾಗೆ ನೋಡುವುದಕ್ಕೆ ಸಣ್ಣ ಸಣ್ಣ ಪರೀಕ್ಷೆಗಳನ್ನು ಬರೆದಿಟ್ಟಿರುತ್ತಾರೆ. ಅವನ್ನು ನಡೆಸುವುದೂ ಯಂತ್ರವೇ. ಉದಾಹರಣೆಗೆ, ಅಂತರಜಾಲವನ್ನು ನೋಡಲು ಬಳಸುವ ಫೈರ್‌ಫಾಕ್ಸ್ ಎಂಬ ಬ್ರೌಸರನ್ನು ತೆಗೆದುಕೊಳ್ಳೋಣ. ಮೊಜಿಲ್ಲಾ ಸಂಸ್ಥೆಯವರು ಅದನ್ನು 2004ರಲ್ಲಿ ಹೊರತಂದರು. ಅದರ ಒಳಗಿನ ಬರೆಹವೆಲ್ಲ ಎಲ್ಲರಿಗೂ ತೆರೆದಿದೆ. ನಾನೂ ನೀವೂ ಕೂಡ ತೆರೆದು ಓದಬಹುದು. ಅದಕ್ಕೆ ಸಂಬಂಧಿಸಿದ ಪರೀಕ್ಷೆಗಳು ಸಾವಿರಾರು. ಬ್ರೌಸರು ನಡೆಯಬೇಕಾದ ಯಂತ್ರಗಳಾದರೋ ಬಗೆಬಗೆಯವು: ವಿಂಡೋಸ್, ಮ್ಯಾಕ್, ಲಿನಕ್ಸ್, ಕೈಯಲ್ಲಿ ಹಿಡಿಯುವ ಆಂಡ್ರಾಯ್ಡ್ ಫೋನು. ಒಂದು ಪರೀಕ್ಷೆ ಒಂದು ಕಡೆ ಅರ್ಥವುಳ್ಳದ್ದು, ಇನ್ನೊಂದು ಕಡೆ ಅರ್ಥವಿಲ್ಲದ್ದು.

ಹೀಗಿರುವಾಗ ಯಾವ ಪರೀಕ್ಷೆಯನ್ನು ಎಲ್ಲಿ ನಡೆಸಬೇಕು, ಯಾವುದನ್ನು ಯಾವ ಸಂದರ್ಭದಲ್ಲಿ ಬಿಡಬೇಕು, ಯಾವುದರ ಜೊತೆಗೆ ಯಾವ ಸಾಮಗ್ರಿ ಬೇಕು ಎಂದು ತಿಳಿಸುವ ಒಂದು ಏರ್ಪಾಟು ಬೇಕಷ್ಟೆ. ನಮ್ಮಲ್ಲಿ ಪರೀಕ್ಷೆಯ ವೇಳಾಪಟ್ಟಿ, ಕೊಠಡಿಯ ಪಟ್ಟಿ, ಮೇಲ್ವಿಚಾರಕರ ಪಟ್ಟಿ ಎಂದು ಇರುವುದಿಲ್ಲವೆ, ಹಾಗೆಯೇ. ಇಂಥ ಏರ್ಪಾಟಿನ ಪಟ್ಟಿಗೆ ಅವರು ಕಾನ್ಫಿಗರೇಷನ್ ಫೈಲು ಎನ್ನುತ್ತಾರೆ. ಮೊಜಿಲ್ಲಾದವರು ಮ್ಯಾನಿಫೆಸ್ಟ್ ಎನ್ನುತ್ತಾರೆ. ಹಡಗಿಗೆ ಏರಿಸಿದ ಸರಕಿನ ಪಟ್ಟಿಗೆ ಇಂಗ್ಲಿಷಿನಲ್ಲಿ ಇರುವ ಹೆಸರೇ ಅದು. ಆ ಪಟ್ಟಿಯನ್ನು ಓದಿ ಅರ್ಥಮಾಡಿಕೊಂಡು ಯಂತ್ರಕ್ಕೆ ಹೇಳುವ ಒಂದು ಪುಟ್ಟ ತಂತ್ರಾಂಶವಿದೆ. ಅದಕ್ಕೆ ಪಾರ್ಸರ್ ಎಂದು ಹೆಸರು. ನಾನು ಅದನ್ನು ವಾಚಕ ಎಂದು ಕರೆಯುತ್ತೇನೆ.

ಪಾರ್ಸರ್ ಎಂಬ ಮಾತು ಕೇಳಿ ನೀವು ಹೆದರಬೇಕಾಗಿಲ್ಲ. ಅದು ವ್ಯಾಕರಣದ ತರಗತಿಯಿಂದಲೇ ಹೋದ ಮಾತು. ಹಿಂದೆ ಇಂಗ್ಲಿಷ್ ಪಾಠದಲ್ಲಿ ಒಂದು ವಾಕ್ಯವನ್ನು ಕೊಟ್ಟು, ಇದರಲ್ಲಿ ನಾಮಪದ ಯಾವುದು, ಕ್ರಿಯಾಪದ ಯಾವುದು ಎಂದು ಬಿಡಿಸಿ ಹೇಳಿಸುತ್ತಿದ್ದರು; ಅದಕ್ಕೆ ಪಾರ್ಸಿಂಗ್ ಎಂದು ಹೆಸರು. ನಾವು ಕನ್ನಡದಲ್ಲಿ ಪದಚ್ಛೇದ, ಅನ್ವಯ ಎಂದು ಮಾಡಿಸುವ ಕೆಲಸಕ್ಕೆ ಅದು ಬಹು ಹತ್ತಿರದ್ದು. ಈ ಕೆಲಸದಲ್ಲಿ ತಪ್ಪು ಹೇಗೆ ನುಸುಳುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಊರು, ಅಲ್ಲಿ ಎರಡೂ ಸೇರಿ ಊರಲ್ಲಿ ಆಗುತ್ತದೆ, ಇದು ಲೋಪಸಂಧಿ ಎಂದು ಹೇಳಿಕೊಟ್ಟು, ಮರುದಿನ ಕಣ್ಣೀರು ಎಂಬ ಪದವನ್ನು ಬಿಡಿಸಿರಿ ಎಂದರೆ, ಜಾಣ ಹುಡುಗನೊಬ್ಬ ಎದ್ದುನಿಂತು "ಕಣ್ಣು, ಈರು" ಎನ್ನುತ್ತಾನೆ. ಅವನು ನಿಯಮವನ್ನು ಮೀರಲಿಲ್ಲ. ನಾನು ಹೇಳಿಕೊಟ್ಟ ನಿಯಮವನ್ನೇ ಅನುಸರಿಸಿದ. ಆದರೂ ಕಣ್ಣಿನ ನೀರು ಮಾತ್ರ ಅಲ್ಲಿ ಉಳಿಯಲಿಲ್ಲ. ಯಂತ್ರದ ವಾಚಕನೂ ಇಂಥ ಜಾಣ ಹುಡುಗನೇ. ಹೇಳಿಕೊಟ್ಟದ್ದನ್ನು ತಪ್ಪದೆ ಮಾಡುತ್ತಾನೆ. ಅರ್ಥ ಕೆಟ್ಟಿತೆಂದು ಅವನಿಗೆ ತಿಳಿಯುವುದಿಲ್ಲ.

ಈಗ ಆ ಪಟ್ಟಿಯ ರೂಪವನ್ನು ಸ್ವಲ್ಪ ನೋಡೋಣ. ಮೊಜಿಲ್ಲಾದವರು 2023ರವರೆಗೆ ಬಳಸುತ್ತಿದ್ದ ಪಟ್ಟಿಗಳು ಇನಿ ಎಂಬ ಹಳೆಯ ಬರೆಹದ ರೀತಿಯವು. ಚೌಕ ಕಂಸದೊಳಗೆ ಒಂದು ಪರೀಕ್ಷೆಯ ಹೆಸರು. ಅದರ ಕೆಳಗೆ ಸಾಲುಸಾಲಾಗಿ ಅದರ ಗುಣಗಳು. ಒಂದೊಂದು ಸಾಲಿನಲ್ಲೂ ಎಡಗಡೆ ಗುಣದ ಹೆಸರು, ನಡುವೆ ಸಮಚಿಹ್ನೆ, ಬಲಗಡೆ ಅದರ ಬೆಲೆ. ಎಲ್ಲಕ್ಕೂ ಮೊದಲು ಡಿಫಾಲ್ಟ್ ಎಂಬ ಒಂದು ವಿಭಾಗ. ಅಲ್ಲಿ ಹೇಳಿದ್ದು ಕೆಳಗಿನ ಎಲ್ಲ ಪರೀಕ್ಷೆಗಳಿಗೂ ಅನ್ವಯಿಸುತ್ತದೆ. ಒಂದು ಪರೀಕ್ಷೆ ತನ್ನ ಪಾಲಿಗೆ ಬೇರೆ ಏನನ್ನಾದರೂ ಹೇಳಿಕೊಂಡಿದ್ದರೆ ಆ ಪರೀಕ್ಷೆಯ ಮಟ್ಟಿಗೆ ಅದೇ ನಿಲ್ಲುತ್ತದೆ. ವ್ಯಾಕರಣ ಓದಿದವರಿಗೆ ಇದು ಪರಿಚಿತವೇ: ಮೊದಲನೆಯದು ಉತ್ಸರ್ಗ, ಎರಡನೆಯದು ಅಪವಾದ. ಅಪವಾದವಿರುವಲ್ಲಿ ಉತ್ಸರ್ಗವು ಹಿಂದೆ ಸರಿಯುತ್ತದೆ.

ಆದರೆ ಅಪವಾದಕ್ಕೂ ಒಂದು ಅಪವಾದವಿದೆ. ಸ್ಕಿಪ್-ಇಫ್ ಎಂಬುದೊಂದು ಗುಣ. ಇಂಥ ಸಂದರ್ಭದಲ್ಲಿ ಈ ಪರೀಕ್ಷೆಯನ್ನು ಬಿಡು ಎಂದು ಅದರ ಅರ್ಥ. ಡಿಫಾಲ್ಟ್ ವಿಭಾಗದಲ್ಲಿ 'ವಿಂಡೋಸ್ ಆದರೆ ಬಿಡು' ಎಂದಿದೆ. ಕೆಳಗಿನ ಒಂದು ಪರೀಕ್ಷೆಯಲ್ಲಿ 'ಆಂಡ್ರಾಯ್ಡ್ ಆದರೆ ಬಿಡು' ಎಂದಿದೆ ಎನ್ನೋಣ. ಇಲ್ಲಿ ಎರಡನೆಯದು ಮೊದಲನೆಯದನ್ನು ತಳ್ಳಿಹಾಕುವುದಿಲ್ಲ. ಎರಡನ್ನೂ 'ಅಥವಾ' ಎಂದು ಕೂಡಿಸಿ ಓದಬೇಕೆಂಬುದು ಅಲ್ಲಿಯ ಕಟ್ಟಳೆ. ವಾಚಕನು ಈ ಕಟ್ಟಳೆಯನ್ನು ಮರೆತರೆ ನಡೆಸಬಾರದಲ್ಲಿ ಪರೀಕ್ಷೆ ನಡೆಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ನಡೆಸಬೇಕಾದಲ್ಲಿ ನಡೆಯದೆ ಹೋಗಬಹುದು.

ಈ ನಿಬಂಧನೆಗಳೊಳಗೂ ಅನ್ವಯದ ಕಷ್ಟವುಂಟು. 'ಹಬ್ಬವಾಗಿದ್ದರೆ ಅಥವಾ ಶನಿವಾರವಾಗಿದ್ದು ಮಳೆ ಬಂದರೆ ಪಾಠವಿಲ್ಲ' ಎಂದು ಫಲಕದ ಮೇಲೆ ಬರೆದಿದೆಯೆನ್ನಿ. ಹಬ್ಬದ ದಿನ ಬಿಸಿಲಿದ್ದರೆ ಪಾಠವುಂಟೆ? ನಮಗೆ ಸಂಶಯವಿಲ್ಲ; ಹಬ್ಬ ಹಬ್ಬವೇ. ಮಳೆಯ ಮಾತು ಶನಿವಾರಕ್ಕೆ ಮಾತ್ರ ಸೇರಿದ್ದು. ಆದರೆ ಪದಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ನುಂಗುತ್ತ ಹೋಗುವ ವಾಚಕನು 'ಹಬ್ಬ ಅಥವಾ ಶನಿವಾರ' ಎಂಬುದನ್ನು ಮೊದಲು ಒಂದು ಗಂಟು ಕಟ್ಟಿ, ಆಮೇಲೆ ಮಳೆಯನ್ನು ಎರಡಕ್ಕೂ ಸೇರಿಸಿಬಿಡಬಹುದು. 'ಮತ್ತು' ಎಂಬುದು 'ಅಥವಾ' ಎಂಬುದಕ್ಕಿಂತ ಬಿಗಿಯಾಗಿ ಕಟ್ಟಬೇಕೆಂದು ಅವನಿಗೆ ಹೇಳಿಕೊಡಬೇಕು; ಹೇಳಿಕೊಟ್ಟದ್ದು ನಾಟಿದೆಯೆ ಎಂದು ನೋಡಲೂಬೇಕು.

ಇನ್ನು ಬರೆಹದ ಚಿಕ್ಕಪುಟ್ಟ ಗುರುತುಗಳು. ಇನಿ ರೀತಿಗೆ ಎಲ್ಲರೂ ಒಪ್ಪಿದ ಒಂದೇ ಶಾಸ್ತ್ರವಿಲ್ಲ. ಸಾಲಿನ ಮೊದಲಿಗೆ ಒಂದು ಗುರುತು ಹಾಕಿದರೆ ಅದು ಟಿಪ್ಪಣಿ, ಓದಬೇಕಾಗಿಲ್ಲ ಎಂಬಷ್ಟು ಸಾಮಾನ್ಯ. ಅದೇ ಗುರುತು ಸಾಲಿನ ನಡುವೆ ಬಂದರೆ ಒಬ್ಬ ವಾಚಕನು ಅಲ್ಲಿಂದ ಮುಂದಿನದನ್ನು ಟಿಪ್ಪಣಿಯೆಂದು ಬಿಡುತ್ತಾನೆ, ಇನ್ನೊಬ್ಬನು ಅದೂ ಬೆಲೆಯ ಭಾಗವೇ ಎಂದು ಓದುತ್ತಾನೆ. ಒಂದು ಸಾಲನ್ನು ಸ್ವಲ್ಪ ಒಳಸರಿಸಿ ಬರೆದರೆ ಅದು ಹೊಸ ಸಾಲಲ್ಲ, ಹಿಂದಿನದರ ಮುಂದುವರಿಕೆ. ಬರೆದವನ ಕೈ ಜಾರಿ ಎರಡು ತೆರಪು ಹೆಚ್ಚಾದರೆ ಅವನ ಹೊಸ ಆಜ್ಞೆ ಹಿಂದಿನ ಆಜ್ಞೆಯ ಬಾಲವಾಗಿ ಹೋಗುತ್ತದೆ. ಕೆಲವು ಬರೆಹದ ತಂತ್ರಾಂಶಗಳು ಕಡತದ ಮೊದಲಿಗೆ ಕಣ್ಣಿಗೆ ಕಾಣದ ಒಂದು ಗುರುತನ್ನು ಇಟ್ಟಿರುತ್ತವೆ. ನಮಗೆ ಚೌಕ ಕಂಸವೇ ಮೊದಲು ಕಾಣುತ್ತದೆ. ವಾಚಕನಿಗೆ ಅದರ ಹಿಂದೆ ಇನ್ನೇನೋ ಕಂಡು ಅದು ವಿಭಾಗದ ತಲೆಯೇ ಅಲ್ಲವೆನಿಸುತ್ತದೆ.

ಯಾಮಲ್ ಎಂಬುದು ಇನ್ನೊಂದು ಬರೆಹದ ರೀತಿ. ಅದರಲ್ಲಿ ನಡೆದ ಒಂದು ಸಂಗತಿಯನ್ನು ಮಗಳು ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ಪೈಥಾನ್ ಎಂಬ ಗಣಕ ಭಾಷೆಯ ಆವೃತ್ತಿಗಳು ಮೂರು ಚುಕ್ಕೆ ಏಳು, ಮೂರು ಚುಕ್ಕೆ ಎಂಟು, ಮೂರು ಚುಕ್ಕೆ ಒಂಬತ್ತು ಎಂದು ಬರುತ್ತಿದ್ದವು. ಪರೀಕ್ಷೆಗಳನ್ನು ಈ ಎಲ್ಲ ಆವೃತ್ತಿಗಳ ಮೇಲೂ ನಡೆಸಬೇಕೆಂದು ಜನ ಪಟ್ಟಿಯಲ್ಲಿ ಸಂಖ್ಯೆಗಳನ್ನು ಹಾಗೆಯೇ ಬರೆದಿದ್ದರು. 2021ರ ಅಕ್ಟೋಬರಿನಲ್ಲಿ ಮೂರು ಚುಕ್ಕೆ ಹತ್ತು ಬಂತು. ಪಟ್ಟಿಯಲ್ಲಿ 3.10 ಎಂದು ಬರೆದರು. ವಾಚಕನು ಗಣಿತದ ಹುಡುಗ. ದಶಾಂಶದ ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಕಲಿತವನು. ಅದನ್ನು 3.1 ಎಂದು ಓದಿದ! ಅದು 2009ರ ಆವೃತ್ತಿ. ಉದ್ಧರಣ ಚಿಹ್ನೆಯೊಳಗೆ ಬರೆದಿದ್ದರೆ ಸೊನ್ನೆ ಉಳಿಯುತ್ತಿತ್ತು. ಅಷ್ಟು ಹಳೆಯದು ಸಾಮಾನ್ಯವಾಗಿ ಯಂತ್ರದ ಉಗ್ರಾಣದಲ್ಲಿ ಇರುತ್ತಿರಲಿಲ್ಲವಾದ್ದರಿಂದ ಯಂತ್ರ ಸಿಗಲಿಲ್ಲವೆಂದು ಕೂಗಿತು, ತಪ್ಪು ಬಯಲಾಯಿತು. ಒಂದು ವೇಳೆ ಅದು ಇದ್ದಿದ್ದರೆ ಹೊಸದನ್ನು ಪರೀಕ್ಷಿಸಿದೆವೆಂಬ ನೆಮ್ಮದಿಯಲ್ಲಿ ಹಳೆಯದನ್ನು ಪರೀಕ್ಷಿಸುತ್ತ ಇರಬಹುದಾಗಿತ್ತು. ಇದೇ ಯಾಮಲಿನ ಹಿಂದಿನ ಕಟ್ಟಳೆಯಲ್ಲಿ, ನಾರ್ವೆ ದೇಶದ ಎರಡಕ್ಷರದ ಗುರುತು 'ನೋ' ಎಂದಾದ್ದರಿಂದ, ದೇಶಗಳ ಪಟ್ಟಿಯಲ್ಲಿ ಆ ದೇಶದ ಬದಲು 'ಇಲ್ಲ' ಎಂಬ ನಿಷೇಧಾರ್ಥ ಬಂದು ಕುಳಿತುಕೊಳ್ಳುತ್ತಿತ್ತು. 2009ರಲ್ಲಿ ಆ ಕಟ್ಟಳೆಯನ್ನು ತಿದ್ದಿದರು.

ನಮ್ಮ ಕನ್ನಡಕ್ಕೂ ಇಲ್ಲಿ ಒಂದು ಪಾಲು ಇದೆ. ಕೊಡಗು ಎಂಬ ಹೆಸರಿನ ಒಂದು ಕಡತವಿದೆ ಎನ್ನಿ. ಅದರ ಮೊದಲ ಅಕ್ಷರವನ್ನು ಗಣಕದಲ್ಲಿ ಎರಡು ಬಗೆಯಾಗಿ ಇಡಬಹುದು. ಕಕಾರದ ಮುಂದೆ ಒತ್ವದ ಒಂದೇ ಗುರುತನ್ನು ಇಡುವುದು ಒಂದು ಬಗೆ. ಎತ್ವದ ಗುರುತು, ಊತ್ವದ ಗುರುತು ಎಂದು ಎರಡನ್ನು ಒಂದರ ಮುಂದೆ ಒಂದು ಇಡುವುದು ಇನ್ನೊಂದು. ಎರಡೂ ಸಮಾನವೆಂದು ಯೂನಿಕೋಡ್ ಶಾಸ್ತ್ರ ಹೇಳುತ್ತದೆ. ಕಣ್ಣಿಗೂ ಒಂದೇ ರೀತಿ ಕಾಣುತ್ತದೆ. ಆದರೆ ಮೊದಲು ಒಂದೇ ರೂಪಕ್ಕೆ ತಂದುಕೊಳ್ಳದೆ ಹೋಲಿಸುವ ವಾಚಕನಿಗೆ ಅವು ಬೇರೆ ಬೇರೆ. ಪಟ್ಟಿಯಲ್ಲಿ ಒಂದು ಕೊಡಗು, ಪೆಟ್ಟಿಗೆಯಲ್ಲಿ ಇನ್ನೊಂದು ಕೊಡಗು; ಸಿಗಲಿಲ್ಲ ಎನ್ನುತ್ತಾನೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ತಪ್ಪುಗಳು ಎಲ್ಲ ತಂತ್ರಾಂಶದಲ್ಲೂ ಇರುತ್ತವೆ. ಈ ವಾಚಕನೊಬ್ಬನ ತಪ್ಪಿಗೆ ಏನು ಅಷ್ಟು ವಿಶೇಷ? ವಿಶೇಷವಿದೆ. ಒಂದು ಪರೀಕ್ಷೆ ನಪಾಸಾದರೆ ಕೆಂಪು ಗುರುತು ಬೀಳುತ್ತದೆ. ನಾಲ್ಕು ಜನ ಓಡಿ ಬಂದು ನೋಡುತ್ತಾರೆ. ಒಂದು ಪರೀಕ್ಷೆ ನಡೆಯದೆಯೇ ಹೋದರೆ ಯಾವ ಗುರುತೂ ಬೀಳುವುದಿಲ್ಲ. ಸಾವಿರ ಪರೀಕ್ಷೆಗಳಲ್ಲಿ ವಾಚಕನು ತಪ್ಪಾಗಿ ಓದಿ ಹತ್ತನ್ನು ಬಿಟ್ಟರೆ, ಉಳಿದ ಒಂಬೈನೂರ ತೊಂಬತ್ತು ಪಾಸಾದರೆ, ವರದಿಯಲ್ಲಿ 'ಎಲ್ಲವೂ ಪಾಸು' ಎಂದು ಬರುತ್ತದೆ. ಅದು ಸುಳ್ಳೂ ಅಲ್ಲ, ನಡೆದವೆಲ್ಲ ಪಾಸಾಗಿವೆ. ಆ ಹತ್ತು ಪರೀಕ್ಷೆಗಳು ಕಾಯಬೇಕಾಗಿದ್ದ ಬಾಗಿಲುಗಳು ಮಾತ್ರ ತೆರೆದೇ ಇರುತ್ತವೆ, ಒಳಗಿನವರು ನಿಶ್ಚಿಂತೆಯಿಂದ ಮಲಗಿರುತ್ತಾರೆ.

ಮಗಳು ಈ ಮಾತನ್ನು ಹೇಳಿದಾಗ ನನ್ನ ನಗು ಅಡಗಿತೆಂದೆನಲ್ಲ, ಅದಕ್ಕೆ ಕಾರಣವಿದೆ. ಅದನ್ನು ಹೇಳಿಬಿಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಹೊಸತು. ಹತ್ತನೆಯ ತರಗತಿಯ ಪಬ್ಲಿಕ್ ಪರೀಕ್ಷೆಗೆ ಕೂರುವ ಮಕ್ಕಳ ನಾಮಿನಲ್ ರೋಲ್ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ತರಗತಿಯಲ್ಲಿ ಒಂದೇ ಹೆಸರಿನ, ಒಂದೇ ಇನಿಷಿಯಲ್ಲಿನ ಇಬ್ಬರು ಹುಡುಗಿಯರಿದ್ದರು. ರಾತ್ರಿ ಕರೆಂಟು ಹೋಗಿ, ಲಾಟೀನಿನ ಬೆಳಕಿನಲ್ಲಿ ಹಾಜರಿ ಪುಸ್ತಕದಿಂದ ನಕಲು ಮಾಡುತ್ತಿದ್ದೆ. ಎರಡನೆಯ ಸಲ ಆ ಹೆಸರು ಬಂದಾಗ, ಇದನ್ನು ಆಗಲೇ ಬರೆದೆನಲ್ಲ ಎಂದುಕೊಂಡು ಮುಂದಕ್ಕೆ ಹೋದೆ. ಬರೆದು ಮುಗಿಸಿ ಎಣಿಸಿದೆ, ನಲವತ್ತೇಳು. ಪಟ್ಟಿಯ ಕೆಳಗೆ ಒಟ್ಟು ನಲವತ್ತೇಳು ಎಂದು ಬರೆದೆ. ಮರುದಿನ ಮುಖ್ಯೋಪಾಧ್ಯಾಯರು ಎಣಿಸಿದರು; ನಲವತ್ತೇಳು. ರುಜು ಹಾಕಿದರು. ಎಲ್ಲವೂ ತಾಳೆಯಾಯಿತು. ಪಟ್ಟಿಯನ್ನು ಪಟ್ಟಿಯೊಡನೆಯೇ ತಾಳೆ ನೋಡಿದರೆ ತಾಳೆಯಾಗದೆ ಇನ್ನೇನಾದೀತು? ತರಗತಿಯಲ್ಲಿ ಇದ್ದವರು ನಲವತ್ತೆಂಟು ಮಂದಿ.

ಪರೀಕ್ಷೆಗೆ ಮೂರು ದಿನವಿದ್ದಾಗ ಹಾಲ್ ಟಿಕೆಟ್ಟುಗಳು ಬಂದವು. ಒಬ್ಬೊಬ್ಬರನ್ನೇ ಕರೆದು ಕೊಟ್ಟೆ. ಕೊನೆಗೆ ಒಬ್ಬಳು ಹುಡುಗಿ ಬರಿಗೈಯಲ್ಲಿ ನಿಂತಿದ್ದಳು. "ಸಾರ್, ನನ್ನದು?" ಎಂದಳು. ಆಗ ನನಗೆ ತಿಳಿಯಿತು. ಆ ಮೂರು ದಿನ ನಾನು ಎಲ್ಲೆಲ್ಲಿ ಓಡಾಡಿದೆ, ಯಾರ ಯಾರ ಮುಂದೆ ಕೈಕಟ್ಟಿ ನಿಂತೆ ಎಂಬುದು ಬೇಡ. ಅನುಮತಿ ಬಂತು, ಬರುವ ಹೊತ್ತಿಗೆ ಮೊದಲನೆಯ ದಿನ ಕಳೆದಿತ್ತು. ಮೊದಲನೆಯ ದಿನದ ಪತ್ರಿಕೆ ಪ್ರಥಮ ಭಾಷೆ ಕನ್ನಡ. ವರ್ಷವಿಡೀ ನಾನು ಪಾಠ ಹೇಳಿದ ಪತ್ರಿಕೆಯ ಆ ಹೊತ್ತನ್ನು ಅವಳು ಗೇಟಿನ ಹೊರಗೆ ಹುಣಿಸೆ ಮರದ ಕೆಳಗೆ ಕುಳಿತು ಕಳೆದಳು. ಮುಂದೆ ಪೂರಕ ಪರೀಕ್ಷೆಯಲ್ಲಿ ಬರೆದು ಪಾಸಾದಳು. ಆದರೆ ಆ ವರ್ಷ ಕಾಲೇಜಿಗೆ ಸೇರುವ ಕಾಲ ಮೀರಿತ್ತು. ಅವಳ ತಂದೆ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಆದ್ದರಿಂದ ಪಟ್ಟಿ ಓದುವವನನ್ನು ಪರೀಕ್ಷಿಸುವುದು ಹೇಗೆ ಎಂದು ಮಗಳನ್ನು ಕೇಳಿದಾಗ ನಾನು ತಮಾಷೆಗೆ ಕೇಳಲಿಲ್ಲ.

ಅವಳು ಹೇಳಿದ ಮೊದಲನೆಯ ಉಪಾಯ ನನಗೆ ಹಳೆಯ ಗೆಳೆಯನಂತೆ ಕಂಡಿತು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸಿದಾಗ ಬರಿಯ ಸೂತ್ರ ಹೇಳಿ ಸುಮ್ಮನಾಗಲಿಲ್ಲ. ಸೂತ್ರದ ಕೆಳಗೆ ವೃತ್ತಿ, ವೃತ್ತಿಯ ಕೆಳಗೆ ಪ್ರಯೋಗ ಎಂದು ಹಿಂದಿನ ಕವಿಗಳಿಂದ ಮಾತುಗಳನ್ನು ತಂದಿಟ್ಟ. ಸಂಸ್ಕೃತ ವ್ಯಾಕರಣದ ವ್ಯಾಖ್ಯಾನಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಉದಾಹರಣೆಯ ಜೊತೆಗೆ ಪ್ರತ್ಯುದಾಹರಣೆಯನ್ನೂ ಕೊಡುತ್ತಾರೆ. ಸೂತ್ರ ಎಲ್ಲಿ ಅನ್ವಯಿಸುತ್ತದೆ ಎಂಬುದಕ್ಕೆ ಒಂದು, ಎಲ್ಲಿ ಅನ್ವಯಿಸಬಾರದು ಎಂಬುದಕ್ಕೆ ಇನ್ನೊಂದು. ಮೊಜಿಲ್ಲಾದ ವಾಚಕನ ಪರೀಕ್ಷೆಯೂ ಹೀಗೆಯೇ. ಅದರ ಪಕ್ಕದಲ್ಲಿ ಮಾದರಿ ಪಟ್ಟಿಗಳ ಒಂದು ಗಂಟೇ ಇದೆ. ಒಂದು ಸಾಧಾರಣ ಪಟ್ಟಿ. ಇದರಿಂದ ಇಂತಿಂಥ ಪರೀಕ್ಷೆಗಳು ಇದೇ ಕ್ರಮದಲ್ಲಿ ಬರಬೇಕೆಂದು ಕೈಯಿಂದ ಬರೆದಿಟ್ಟ ಉತ್ತರ. ಇನ್ನೊಂದು ಪಟ್ಟಿ ತನ್ನೊಳಗೆ ಬೇರೆ ಪಟ್ಟಿಗಳನ್ನು ಕರೆದುಕೊಳ್ಳುತ್ತದೆ. ಅವೆಲ್ಲವೂ ಬಂದುವೆ ನೋಡಬೇಕು. ಮತ್ತೊಂದರಲ್ಲಿ ಡಿಫಾಲ್ಟ್ ವಿಭಾಗ ಮಾತ್ರವಿದೆ, ಪರೀಕ್ಷೆ ಒಂದೂ ಇಲ್ಲ. ವಾಚಕನು ಡಿಫಾಲ್ಟನ್ನೇ ಒಂದು ಪರೀಕ್ಷೆಯೆಂದು ತಿಳಿಯಬಾರದು, ಬರಿದಾದ ಉತ್ತರವನ್ನೇ ಕೊಡಬೇಕು. ಇನ್ನೊಂದರಲ್ಲಿ ಹೆಸರಿಸಿದ ಕಡತ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ಆಗ ಅದನ್ನು ಬಿಟ್ಟು ಮುಂದೆ ಹೋಗದೆ, ಇಂಥದ್ದು ಇಲ್ಲವೆಂದು ಹೇಳಬೇಕು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸರಿಯಾದ ಉತ್ತರವನ್ನು ವಾಚಕನಿಂದಲೇ ಬರೆಸಿಕೊಂಡು, ಅದನ್ನೇ ಮಾದರಿ ಉತ್ತರವೆಂದು ಇಟ್ಟುಕೊಳ್ಳುವ ಸೋಮಾರಿತನ ಈ ಕೆಲಸದಲ್ಲೂ ಉಂಟಂತೆ. ಅದು ನನ್ನ ನಲವತ್ತೇಳರ ಲೆಕ್ಕವೇ. ಉತ್ತರವು ಬೇರೆ ಕಡೆಯಿಂದ, ಬೇರೆ ಕೈಯಿಂದ ಬರಬೇಕು.

ಎರಡನೆಯ ಉಪಾಯ, ಓದಿದ್ದನ್ನು ಮರಳಿ ಬರೆಸುವುದು. ಬರೆದದ್ದನ್ನು ಮತ್ತೆ ಓದಿಸಿದರೆ ಮೊದಲಿನ ಅರ್ಥವೇ ಬರಬೇಕು. ಪದ್ಯಕ್ಕೆ ಅನ್ವಯ ಬರೆದ ಹುಡುಗನಿಗೆ ಪುಸ್ತಕ ಮುಚ್ಚಿಸಿ, ಆ ಅನ್ವಯದಿಂದ ಪದ್ಯವನ್ನು ಮರಳಿ ಕಟ್ಟು ಎನ್ನುವಂತೆ. ಎಲ್ಲಿ ಒಂದು ಪದ ಸೋರಿಹೋಯಿತೋ ಅಲ್ಲಿ ಕಟ್ಟಡ ಬಿರುಕು ಬಿಡುತ್ತದೆ. ಇಂಥ ಒಂದು ಗುಣವನ್ನು ಹೇಳಿದರೆ ಸಾಕು, ನೂರಾರು ಮಾದರಿಗಳನ್ನು ಯಂತ್ರವೇ ಕಲ್ಪಿಸಿಕೊಂಡು ಪರೀಕ್ಷಿಸುವ ಕ್ವಿಕ್‌ಚೆಕ್ ಎಂಬ ಸಾಧನವನ್ನು ಕೋಯೆನ್ ಕ್ಲಾಸೆನ್, ಜಾನ್ ಹ್ಯೂಸ್ ಎಂಬಿಬ್ಬರು 2000ದಲ್ಲಿ ಪ್ರಕಟಿಸಿದರು.

ಮೂರನೆಯದು ಮಳೆಯಿಂದ ಹುಟ್ಟಿದ ಉಪಾಯ. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಎಂಬ ಪ್ರಾಧ್ಯಾಪಕರು ಒಂದು ಬಿರುಮಳೆಯ ರಾತ್ರಿ ಮನೆಯಿಂದ ದೂರವಾಣಿಯ ತಂತಿಯ ಮೂಲಕ ಗಣಕದಲ್ಲಿ ಕೆಲಸ ಮಾಡುತ್ತಿದ್ದರು. ಗುಡುಗುಸಿಡಿಲಿಗೆ ತಂತಿಯಲ್ಲಿ ಗದ್ದಲವೆದ್ದು ಅವರು ಬರೆದ ಅಕ್ಷರಗಳ ನಡುವೆ ಅಡ್ಡಾದಿಡ್ಡಿ ಅಕ್ಷರಗಳು ಸೇರಿಕೊಂಡವು. ಅದನ್ನು ಓದಿದ ತಂತ್ರಾಂಶಗಳು ಕುಸಿದುಬಿದ್ದವು. ಬೇರೆಯವರಾಗಿದ್ದರೆ ಮಳೆಯನ್ನು ಬೈದು ಮಲಗುತ್ತಿದ್ದರು. ಇವರು ವಿದ್ಯಾರ್ಥಿಗಳ ಕೈಯಲ್ಲಿ, ಅರ್ಥವಿಲ್ಲದ ಅಕ್ಷರಗಳನ್ನು ಬೇಕೆಂದೇ ಸುರಿದು ನೋಡಿಸಿದರು. ಯುನಿಕ್ಸ್ ವ್ಯವಸ್ಥೆಯ ಬಳಕೆಯ ತಂತ್ರಾಂಶಗಳಲ್ಲಿ ಕಾಲುಭಾಗದಿಂದ ಮೂರರಲ್ಲೊಂದು ಭಾಗದವರೆಗೆ ತಾಳಲಾರದೆ ಹೋದವೆಂದು 1990ರಲ್ಲಿ ಬರೆದರು. ವಾಚಕನಿಗೆ ಚೊಕ್ಕ ಬರ್ಹವನ್ನು ಮಾತ್ರ ಕೊಟ್ಟು ನೋಡಿದರೆ ಸಾಲದು, ಗೀಚಿದ್ದನ್ನೂ ಕೊಟ್ಟು ನೋಡಬೇಕು. ಅವನು ಅದನ್ನು ಅರ್ಥಮಾಡಿಕೊಳ್ಳಬೇಕೆಂದಲ್ಲ, ಅರ್ಥವಾಗಲಿಲ್ಲವೆಂದು ಒಪ್ಪಿಕೊಳ್ಳಬೇಕು.

ನಾಲ್ಕನೆಯ ಉಪಾಯ ನನಗೆ ಎಲ್ಲಕ್ಕಿಂತ ಹಿಡಿಸಿತು. ತರಗತಿ ಎಚ್ಚರವಾಗಿದೆಯೆ ಎಂದು ನೋಡಲು ನಾನು ಒಮ್ಮೊಮ್ಮೆ ಕರಿಹಲಗೆಯ ಮೇಲೆ ಬೇಕೆಂದೇ ಒಂದು ಕಾಗುಣಿತದ ತಪ್ಪು ಮಾಡುವುದುಂಟು. ಯಾರೂ ಕೈಯೆತ್ತದಿದ್ದರೆ ಪಾಠ ಕೇಳುತ್ತಿಲ್ಲವೆಂದು ಅರ್ಥ. ಇವರೂ ವಾಚಕನ ಒಡಲೊಳಗೆ ಬೇಕೆಂದೇ ಒಂದು ತಪ್ಪನ್ನು ಸೇರಿಸುತ್ತಾರೆ. 'ಮತ್ತು' ಇದ್ದಲ್ಲಿ 'ಅಥವಾ' ಮಾಡುತ್ತಾರೆ. ಆಗ ಪರೀಕ್ಷೆಗಳಲ್ಲಿ ಒಂದಾದರೂ ಕೆಂಪಾಗಬೇಕು. ಎಲ್ಲವೂ ಹಸಿರಾಗಿಯೇ ಉಳಿದರೆ ಆ ಪರೀಕ್ಷೆಗಳು ನಿದ್ರಿಸುತ್ತಿವೆ. ಡಿಮಿಲ್ಲೊ, ಲಿಪ್ಟನ್, ಸೇವರ್ಡ್ ಎಂಬ ಮೂವರು 1978ರಲ್ಲಿ ಈ ವಿಧಾನವನ್ನು ವಿವರಿಸಿ ಬರೆದಿದ್ದಾರೆ. ಪರೀಕ್ಷಕನನ್ನು ಪರೀಕ್ಷಿಸುವವನು ಯಾರು, ಅವನನ್ನು ಪರೀಕ್ಷಿಸುವವನು ಯಾರು ಎಂದು ಕೊನೆಯಿಲ್ಲದೆ ಹೋಗುವ ಪ್ರಶ್ನೆಗೆ ಇದಕ್ಕಿಂತ ಸರಳವಾದ ಉತ್ತರವನ್ನು ನಾನು ಕೇಳಿಲ್ಲ.

ಇನ್ನೊಂದು ವಿಚಾರ. ವಾಚಕನು ಉದಾರಿಯಾಗಿರಬೇಕೋ, ಕಟ್ಟುನಿಟ್ಟಿನವನಾಗಿರಬೇಕೋ? ಅಂತರಜಾಲದ ಹಿರಿಯರಲ್ಲಿ ಒಬ್ಬರಾದ ಜಾನ್ ಪೋಸ್ಟೆಲ್ ಅವರು 1980ರಲ್ಲಿ, ಕೊಡುವಾಗ ಬಿಗಿಯಾಗಿರು, ತೆಗೆದುಕೊಳ್ಳುವಾಗ ಉದಾರವಾಗಿರು ಎಂಬ ಅರ್ಥದ ಒಂದು ಸೂತ್ರವನ್ನು ಹೇಳಿದರು. ದೂರದೂರದ ಯಂತ್ರಗಳು ಒಂದರ ಮಾತನ್ನು ಒಂದು ಕೇಳಿಸಿಕೊಳ್ಳುವುದಕ್ಕೆ ಅದು ನೆರವಾಯಿತು. ಪರೀಕ್ಷೆಯ ಪಟ್ಟಿಗೆ ಮಾತ್ರ ಆ ಔದಾರ್ಯ ಒಗ್ಗುವುದಿಲ್ಲ. ತಪ್ಪಾಗಿ ಬರೆದ ಗುಣದ ಹೆಸರನ್ನು ಇರಲಿ ಎಂದು ಬಿಟ್ಟರೆ, ಬರೆದವನು ಹೇಳಿದ ಮಾತು ಯಾರ ಕಿವಿಗೂ ಬೀಳದೆ ಹೋಗುತ್ತದೆ. ಪೈಥಾನ್ ಭಾಷೆಯೊಡನೆ ಬರುವ ಇನಿ ವಾಚಕನು ಮೊದಲು ಒಂದೇ ಹೆಸರಿನ ಎರಡು ವಿಭಾಗಗಳು ಬಂದರೆ ಸದ್ದಿಲ್ಲದೆ ಒಂದುಗೂಡಿಸಿಬಿಡುತ್ತಿದ್ದ. 2011ರಲ್ಲಿ ಬಂದ 3.2ನೆಯ ಆವೃತ್ತಿಯಿಂದ ಈಚೆಗೆ, ಬೇರೆ ರೀತಿ ಹೇಳದ ಹೊರತು, ಅಲ್ಲಿಯೇ ನಿಂತು ತಪ್ಪೆಂದು ಹೇಳುತ್ತಾನೆ. ಮೊಜಿಲ್ಲಾದವರು 2023ರಲ್ಲಿ ತಮ್ಮ ಪಟ್ಟಿಗಳನ್ನು ಟಾಮಲ್ ಎಂಬ ಇನ್ನೊಂದು ಬರೆಹಕ್ಕೆ ಬದಲಾಯಿಸಿದರು. ಅದಕ್ಕೆ ಬರೆದಿಟ್ಟ ಶಾಸ್ತ್ರವಿದೆ. ಒಂದೇ ಹೆಸರು ಎರಡು ಸಲ ಬರಕೂಡದೆಂಬುದು ಆ ಶಾಸ್ತ್ರದ ನಿಯಮಗಳಲ್ಲಿ ಒಂದು.

ಎಷ್ಟು ಪರೀಕ್ಷಿಸಿದರೂ ತಪ್ಪು ಇದೆಯೆಂದು ತೋರಿಸಬಹುದೇ ಹೊರತು ತಪ್ಪೇ ಇಲ್ಲವೆಂದು ತೋರಿಸಲಾಗದು ಎಂದು ಡೈಕ್‌ಸ್ಟ್ರ ಎಂಬ ಡಚ್ ವಿದ್ವಾಂಸರು ಬಹು ಹಿಂದೆಯೇ ಎಚ್ಚರಿಸಿದ್ದಾರೆ. ನಿಜ. ಆದರೂ ಪರೀಕ್ಷೆ ಬೇಡವೆಂದು ಅದರ ಅರ್ಥವಲ್ಲ. ನಲವತ್ತೇಳು ಸರಿಹೋಯಿತೆಂದು ನೆಮ್ಮದಿಯಾಗಿ ಮಲಗಬೇಡಿರೆಂದು ಅರ್ಥ.

ಈಗ ನಾಮಿನಲ್ ರೋಲನ್ನು ಲಾಟೀನಿನ ಬೆಳಕಿನಲ್ಲಿ ಬರೆಯುವುದಿಲ್ಲ, ಗಣಕದಲ್ಲಿ ತುಂಬುತ್ತೇವೆ. ಆದರೂ ನಾನು ಒಂದು ಪದ್ಧತಿಯನ್ನು ಬಿಟ್ಟಿಲ್ಲ. ತುಂಬಿದ ಪಟ್ಟಿಯನ್ನು ಅಚ್ಚುಹಾಕಿಸಿಕೊಂಡು ತರಗತಿಗೆ ಹೋಗುತ್ತೇನೆ. ಹೆಸರು ಕೂಗುವುದಿಲ್ಲ; ಕೂಗಿದರೆ ಪಟ್ಟಿಯಲ್ಲಿ ಇರುವವರು ಮಾತ್ರ ಓಗೊಡುತ್ತಾರೆ. ಬೆಂಚಿನಿಂದ ಬೆಂಚಿಗೆ ಹೋಗಿ, ಕುಳಿತಿರುವ ಒಂದೊಂದು ಮಗುವಿನ ಮುಂದೆಯೂ ಪಟ್ಟಿಯನ್ನು ಹಿಡಿದು, "ನಿನ್ನ ಹೆಸರು ತೋರಿಸು" ಎನ್ನುತ್ತೇನೆ. ಆ ದಿನ ಬಾರದವರ ಮನೆಗೂ ಹೋಗುತ್ತೇನೆ. ಜೊತೆಯ ಉಪಾಧ್ಯಾಯರು ಇದನ್ನು ಪಂಡಿತರ ಹುಚ್ಚು ಎನ್ನುತ್ತಾರೆ, ಎನ್ನಲಿ.

ಅಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗಳನ್ನು ಕೇಳಿದೆ: "ಒಂದೇ ಹೆಸರು ಎರಡು ಸಲ ಬರುವ ಮಾದರಿ ಪಟ್ಟಿ ನಿನ್ನ ಹತ್ತಿರ ಇದೆಯೇನಮ್ಮ?" ಅವಳು ಸ್ವಲ್ಪ ಹುಡುಕಿ, "ಇಲ್ಲ ಅಪ್ಪ, ಅದೊಂದು ಬಿಟ್ಟುಹೋಗಿದೆ" ಎಂದಳು. ನಾನು ಪಕ್ಕದಲ್ಲಿ ಕುಳಿತು ನೋಡುತ್ತಿದ್ದಂತೆಯೇ ಅದನ್ನು ಬರೆದು ಸೇರಿಸಿದಳು. ವಾಚಕನು ಓದಿದ, ಎರಡರಲ್ಲಿ ಒಂದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋದ. ಪರೀಕ್ಷೆ ಕೆಂಪಾಯಿತು. ಅವಳು ಲ್ಯಾಪ್‌ಟಾಪನ್ನು ಮುಚ್ಚಲಿಲ್ಲ. ನಾನೂ ಅವಳನ್ನು ಎಬ್ಬಿಸಲಿಲ್ಲ. ಹಣತೆಗಳನ್ನು ಹೊರಗೆ ಇಡುವ ಕೆಲಸವನ್ನು ನಾನೇ ಮಾಡಿದೆ.